ಉಡವೋ ಬಂದಳಿಕೆಯೋ

ಮೃಗಾಲಯದೆದುರು ಬಸ್ಸು ಹತ್ತಿದ ಮಾಲಿಯೂ, ಅಲ್ಲಿನ ದೈತ್ಯ ಉಡವನ್ನು ನೋಡಿಕೊಳ್ಳುವವನೂ ನನ್ನ ಮುಂದಿನ ಸೀಟಿನಲ್ಲಿ ಕೂತರು.

“ನಿನ್ನ ಉಡಕ್ಕಿಂತ ನನಗೆ ಬಂದಳಿಕೇನೇ ಭಯ,” ಅಂದ ಮಾಲಿ. “ಮರದ ಮೇಲೆ ಹಸಿರಾಗಿ ಕೂತು ಮರದ ರಕ್ತಾನೇ ಹೀರುತ್ತೆ.”

“ಅದಕ್ಕೆ ವರ್ಷಗಟ್ಟಲೆ ಬೇಕು. ನಮ್ಮದು ಒಂದ್ಸಲ ಕಚ್ಚಿದ್ರೆ, ಕಚ್ಚಿಸಿಕೊಂಡವನು ಬೀಳೋವರೆಗೂ ಹಿಂದೇನೇ ಬರುತ್ತೆ.”

“ಸುಮ್ನಿರು. ಅದರ ಅಂಗಳದ ಮರದಲ್ಲೇ ನನ್ನ ತಮ್ಮ ಬಂದಳಿಕೆ ಕಡೀತಿದಾನೆ.”

“ಅದಕ್ಕೇ ಉಡಾನ ಒಳಗೆ ಕೂಡಿಹಾಕಿ ಬಂದಿದೀನಲ್ಲ. ನಾನು ಬೀಗ ಹಾಕಿದ ಮೇಲೇನೇ ಕೀಲಿಕೈನ ಮೊಳೆಗೆ ತಗಲಿಹಾಕೋದು.”

ಟಿಕೆಟ್ಟಿಗೆ ಚಿಲ್ಲರೆ ತೆಗೆಯಲು ಜೇಬಿಗೆ ಹೋದ ಅವನ ಕೈ ಅಲ್ಲೇ ನಿಂತಿತು.

“ಕೀಲಿಕೈ ಇಲ್ಲೇ ಇದೆ. ಬೀಗಾನೇ ಹಾಕಿಲ್ಲ.”

ಮಾಲಿ ಎದ್ದು ನಿಂತ.

“ತಮ್ಮಂಗೆ ಫೋನ್ ಮಾಡು, ಇಳೀಬೇಡ ಅನ್ನು.”

“ಫೋನನ್ನ ಮರದ ಬುಡದಲ್ಲೇ ಇಟ್ಟು ಹತ್ತಿದಾನೆ. ರಿಂಗಾದ್ರೆ ಇಳೀತಾನೆ.”

ಬಸ್ಸು ನಿಲ್ಲುವ ಮೊದಲೇ ಇಬ್ಬರೂ ಇಳಿದು ಹಿಂದಕ್ಕೆ ಓಡಿದರು.