ಕ್ಯಾಮೆರಾಗಳಿಗೆ ಇಟ್ಟ ಕುಂಕುಮ

ಶಾಸ್ತ್ರ ಬಲ್ಲ ಹಿರಿಯರ ಎದುರಿಗೆ ಕ್ಯಾಮೆರಾದ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ಕ್ಷಮಿಸಬೇಕು. ಇದನ್ನು ಬಿಟ್ಟು ಬೇರೆ ದೃಷ್ಟಾಂತ ಈ ಹೊತ್ತು ನನಗೆ ಹೊಳೆಯುತ್ತಿಲ್ಲ.

ಒಂದು ದೊಡ್ಡ ಬಡಾವಣೆ. ಅದಕ್ಕೊಬ್ಬ ಶ್ರೀಮಂತ ಅಧ್ಯಕ್ಷ. ಬೀದಿಬೀದಿಗೂ ತಂತಿಯಿಲ್ಲದ ಕ್ಯಾಮೆರಾ ಹಾಕಿಸಿದ. ತಂತಿಯಿಲ್ಲದ್ದು ಅಂದರೇನು? ನೋಡಿ, ಒಂದು ಮನೆಯ ಪೆಟ್ಟಿಗೆ ಮುಂದಿನ ಮನೆಯ ಪೆಟ್ಟಿಗೆಗೆ ಚಿತ್ರ ದಾಟಿಸುತ್ತದೆ. ನಡುವೆ ಒಂದು ಮನೆ ಒಲ್ಲೆನೆಂದರೆ ಅದರಾಚೆಯೆಲ್ಲ ಕತ್ತಲೆ. ಮೂಲೆಮನೆಯಾತ ಒಲ್ಲೆನೆಂದ. ಹಿಂದಿನ ಬೀದಿಗಳು ಅಧ್ಯಕ್ಷನ ಪರದೆಯಲ್ಲಿ ಕಾಣಲೇ ಇಲ್ಲ.

ಅಧ್ಯಕ್ಷ ಏನು ಮಾಡಿದ? ವಾಟ್ಸಾಪ್ ಗುಂಪಿನಲ್ಲಿ ನೋಟಿಸು ಹಾಕಿದ. ಆತ ಜಗ್ಗಲಿಲ್ಲ. ಮತ್ತೆ ನೋಟಿಸು. ಆತ ಗುಂಪಿನಿಂದಲೇ ಹೊರನಡೆದ. ದಸರೆ ಮುಗಿಯುವುದರೊಳಗೆ ಎಲ್ಲ ಬೀದಿಯೂ ಕಾಣದಿದ್ದರೆ ಕ್ಯಾಮೆರಾಗಳನ್ನು ಕಿತ್ತು ವಾಪಸು ಕಳಿಸುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಅಧ್ಯಕ್ಷನಿಗೆ ಊಟ ಸೇರುತ್ತಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಪರದೆಯ ಮುಂದೆ ಕೂತಿದ್ದಾನೆ. ಮೊದಲ ಬೀದಿಯ ಕ್ಯಾಮೆರಾದ ಹತ್ತಿರ ಒಂದು ಬೆರಳು ಬಂತು, ಪರದೆ ಕೆಂಪಾಯಿತು. ಪಕ್ಕದ್ದು ಕೆಂಪಾಯಿತು. ಅದರ ಪಕ್ಕದ್ದೂ ಕೆಂಪಾಯಿತು. ಕಳ್ಳರೇ ಬಣ್ಣ ಬಳಿಯುತ್ತಿದ್ದಾರೆಂದು ದೊಣ್ಣೆ ಹಿಡಿದು ಓಡಿದ. ಕೆಂಪಿನ ಜಾಡು ಹಿಡಿದು ಹೋದರೆ ಮೂಲೆಮನೆಯ ಗೇಟು ತೆರೆದಿದೆ. ಒಳಗೆ ಯಾರು? ಅವನ ತಾಯಿಯೇ. ಗಂಧ ಕುಂಕುಮದ ತಟ್ಟೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಾಳೆ. ಮನೆಯಾತ ನೀರಿನ ಲೋಟ ಹಿಡಿದು ನಿಂತಿದ್ದಾನೆ.

“ಅಮ್ಮಾ, ಏನಿದು? ಕಣ್ಣಿಗೇ ಕುಂಕುಮ ಇಡ್ತಾರಾ?”

“ಹಣೆ ಯಾವುದು, ಕಣ್ಣು ಯಾವುದು ಅಂತ ಅದರಲ್ಲಿ ಗೊತ್ತಾಗುತ್ತೇನೋ? ಕಾರಿನ ಮುಂದೆ ಕುಂಬಳಕಾಯಿ ಒಡೆದ್ರಿ. ಸ್ಕೂಟರಿಗೆ ಹಾರ ಹಾಕಿದ್ರಿ. ಹಗಲೂ ರಾತ್ರಿ ಕಾಯೋ ಇವಕ್ಕೆ ಒಂದು ಬೊಟ್ಟು ಬೇಡ್ವಾ? ಪಾಪ, ಎಲ್ಲಾ ಮನೆಯೋರೂ ಸ್ಟೂಲು ಹಿಡ್ಕೊಂಡ್ರು. ಇವರ ಮನೇಲಿ ಮಾತ್ರ ಕ್ಯಾಮೆರಾನೇ ಇಲ್ವಂತೆ. ಯಾಕಪ್ಪಾ ಅಂತ ಕೇಳ್ತಿದ್ದೆ.”

ಮೂಲೆಮನೆಯಾತ ದೊಣ್ಣೆ ನೋಡಿ ನಕ್ಕ. “ನೋಟಿಸಿಗೆ ಬಗ್ಗಲಿಲ್ಲ ಅಂತ ಇದನ್ನ ತಂದ್ರಾ ಅಧ್ಯಕ್ಷರೇ? ನಿಮ್ಮ ತಾಯಿ ಬಂದು ಕೂತ್ರು, ನೀರು ಕೇಳಿದ್ರು. ನೀವು ಒಂದು ದಿನ ಈ ಗೇಟು ತೆಗೆದಿದ್ದುಂಟಾ?”

ಅಧ್ಯಕ್ಷ ದೊಣ್ಣೆಯನ್ನು ಗೋಡೆಗೆ ಒರಗಿಸಿದ. “ತಪ್ಪಾಯ್ತು ಸ್ವಾಮಿ. ನಿಮ್ಮ ತಾರಸಿ ಮೇಲೆ ಒಂದು ಪೆಟ್ಟಿಗೆ ಇಡಬಹುದಾ?”

“ಇಡೋರಂತೆ. ಮೊದಲು ಒಳಗೆ ಬನ್ನಿ, ಪಾಯಸ ತಗೊಳ್ಳಿ.”

ಅಂದು ಸಂಜೆ ಮನೆಮನೆಯವರೇ ಕುಂಕುಮ ಒರೆಸಿದರು. ಪರದೆಯಲ್ಲಿ ಒಂದೊಂದೇ ಬೀದಿ ಬೆಳಗಿತು. ಮೂಲೆಮನೆಯ ಹೊಸ ಪೆಟ್ಟಿಗೆ ದಾಟಿ ಹಿಂದಿನ ಬೀದಿ ಬೆಳಗಿತು, ಅದರ ಹಿಂದಿನದು ಬೆಳಗಿತು, ಕೊನೆಯ ಮನೆಯವರೆಗೂ ಬೆಳಗಿತು. ಪರದೆಯ ಮುಂದೆ ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ತಾಯಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ತಾನು ಹಿಂದೆ ನಿಂತ.

ಈಗ ನಮ್ಮ ವಿಷಯಕ್ಕೆ ಬರೋಣ. ಒಂದೇ ಗೋಡೆ ಹಂಚಿಕೊಂಡವರಿಗೆ ಫೋನಿನಲ್ಲಿ ನೋಟಿಸು ಕಳಿಸುವವರು ಇಲ್ಲಿ ಯಾರೂ ಇಲ್ಲವೇ? ನೀರಿನ ತಕರಾರು, ಗಾಡಿ ನಿಲ್ಲಿಸುವ ತಕರಾರು, ಕಸದ ತಕರಾರು, ಎಲ್ಲವೂ ಬೆರಳ ತುದಿಯಲ್ಲೇ. ನಾಳೆ ಹಾಗೆ ಬರೆಯಲು ಹೊರಟಾಗ ಫೋನು ಕೆಳಗಿಡಿ. ಚಪ್ಪಲಿ ಮೆಟ್ಟಿಕೊಳ್ಳಿ. ಅವರ ಬಾಗಿಲಿಗೆ ಹೋಗಿ ಹೆಸರು ಹಿಡಿದು ಕರೆಯಿರಿ. ಒಳಗೆ ಕರೆದರೆ ಕೂತು, ಕೊಟ್ಟಿದ್ದನ್ನು ಕುಡಿದು ಬನ್ನಿ.

ಹೀಗೆ ಹೋದರೆ ಎಲ್ಲರ ಬಾಗಿಲೂ ತೆರೆಯುತ್ತದೆಯೇ? ಅದು ನನಗೆ ಗೊತ್ತಿಲ್ಲ.