ನಾಲ್ಕು ಪುಟಕ್ಕೆ ಸಿಕ್ಕ ಬುಗಾತ್ಸಾ

ಗ್ರೀಸಿನ ಥೆಸಲೋನಿಕಿಯ ಔಷಧಿ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ ಗಮನ ನಿಲ್ಲದ, ಕೆಲಸ ಶುರುಮಾಡಲಾಗದ ಎಡಿಎಚ್‌ಡಿ ತೊಂದರೆಗೆ ವೈದ್ಯರು ಬರೆದ ಮಾತ್ರೆಯ ಚೀಟಿ ಇತ್ತು.

"ಪ್ರಬಂಧ ಎಷ್ಟು ಪುಟ ಆಯ್ತೇ, ಎವಾಂಥಿಯಾ?"

"ನಾಲ್ಕು."

"ನಲವತ್ತು ಬೇಕಲ್ಲೇ! ನಾಳೆ ಕೊಡದಿದ್ರೆ ವಿಶ್ವವಿದ್ಯಾಲಯದಿಂದ ಹೆಸರು ತೆಗೀತಾರೆ. ನೀನು ಹೊಸ ಪುಟ ತೋರಿಸಿದ್ರೆ ಮಾತ್ರ ನಿಂಗೆ ಸಿಹಿ ಬುಗಾತ್ಸಾ ತಿಂಡಿ ಕೊಡ್ಬೇಕು ಅಂತ ಬೇಕರಿ ಸ್ತೆರ್ಯೋಸ್‌ಗೆ ಹೇಳಿದ್ದೆ. ದಿನಾ ತಿಂದೆಯಲ್ಲ?"

"ತೋರಿಸ್ತಿದ್ದೆ ಅಕ್ಕ, ಅದೇ ನಾಲ್ಕನ್ನ. ಅವನೆಲ್ಲಿ ಓದ್ತಾನೆ?"

"ಕಳ್ಳಿ! ತಿಂದಾದ್ರೂ ಖುಷಿಯಾಯ್ತಾ?"

"ವಾರದಿಂದ ರುಚೀನೇ ಗೊತ್ತಾಗ್ತಿಲ್ಲ."

"ಇವತ್ತು ಕೂತು ಬರಿ. ಥಾಸೋಸ್ ದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ."

"ಬೇಡಕ್ಕ."

"ಮತ್ತೇನು ಬೇಕೇ ನಿಂಗೆ?"

"ಏನಾದ್ರೂ ಬೇಕು ಅನ್ನಿಸಬೇಕು, ಅಷ್ಟೇ."

ಅಷ್ಟರಲ್ಲಿ ಅವರ ಸರದಿ ಬಂತು. ಅಕ್ಕ ಚೀಟಿ ತೆಗೆದುಕೊಂಡು ಮುಂದೆ ಹೋದಳು. ತಂಗಿ ಹಿಂಬಾಲಿಸಿದಳು.