ಡ್ರೈವರ್ ಸೀಟಿನ ನಟ್ಟು

ಚಾಮರಾಜನಗರದ ಬಿಡಿಭಾಗಗಳ ಅಂಗಡಿಯಲ್ಲಿ ಸ್ಕೂಟರಿನ ಬಲ್ಬಿಗಾಗಿ ಕಾಯುತ್ತಿದ್ದ ನಾಗರತ್ನಳ ಕಿವಿ ಪಕ್ಕದಲ್ಲಿದ್ದ ವಯಸ್ಸಾದ ಗಂಡ ಹೆಂಡತಿಯ ಮಾತಿನತ್ತ ತಿರುಗಿತು. ನಟ್ಟು ಸೀಳುವ ಟೂಲನ್ನು ಗಂಡ ಬೆರಳಿನಿಂದ ಸವರಿ ನೋಡುತ್ತಿದ್ದರು.

“ಕಾರಿನ ಸೀಟಿನ ನಟ್ಟು ತುಕ್ಕಿಡ್ದು ಕಚ್ಕೊಂಡದೆ, ಸ್ಪಾನರ್ ಜಾರ್ತದೆ. ಇದ್ರಲ್ಲಿ ಸೀಳ್ಬುಟ್ರೆ ಸೀಟು ಮುಂದಕ್ ಜರುಗುಸ್ಬೋದು ಕಣಮ್ಮಿ.”

“ಇಷ್ಟ್ ಕಾಲ ನೀವು ಕೂತಿದ್ದ ಜಾಗ. ಹಂಗೇ ಇರ್ಲಿ ಬುಡಿ.”

“ನಂಗಿನ್ನು ಕಣ್ಣು ಸರಿಯಾಗಿ ಕಾಣಕಿಲ್ಲ. ಲೈಸೆನ್ಸ್ ಬಂದಿರಾದು ನಿಂಗೆ. ನಿನ್ ಕಾಲು ಕ್ಲಚ್ಚಿಗೆ ಎಟುಕ್ಬೇಡ್ವಾ?”

“ನಂಗೆ ಭಯ ಆಯ್ತದೆ.”

“ಪಕ್ಕದಲ್ಲಿ ನಾನಿರ್ತೀನಲ್ಲ.”

ಆಕೆ ಪರ್ಸು ತೆರೆದು ಆ ಟೂಲಿಗೆ ದುಡ್ಡು ಕೊಟ್ಟರು.

“ಮೊದ್ಲು ಎಲ್ಗೋಗನ?”

“ಪುಣಜನೂರ್ ಕಾಡ್ ಕಡೆ. ದಾರೀಲಿ ಆನೆ ಕಂಡ್ರೆ ಹೆಂಗದೆ ಅಂತ ನಂಗೇಳು.”

“ನಿಲ್ಸಿ ಹೇಳ್ತೀನಿ,” ಎಂದು ನಕ್ಕ ಆಕೆ, ಗಂಡನ ಕೈ ಹಿಡಿದು ಮೆಟ್ಟಿಲಿಳಿಸಿಕೊಂಡು ಹೊರಟುಹೋದರು.